ಪ್ರಾಥಮಿಕ ಶಾಲಾ ಮಕ್ಕಳ ಪದಸಂಪತ್ತು: ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಪೋಷಕರಿಗೆ ಮಾಹಿತಿ

ಪೀಠಿಕೆ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ವ್ಯಾಸಂಗ ಮಾಡುತ್ತಿರುವ ಮಕ್ಕಳ ಪೋಷಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಸಿದ್ಧಪಡಿಸಲಾಗಿದೆ. ಮಗುವಿನ ಪದಸಂಪತ್ತು ಹೇಗೆ ಬೆಳೆಯುತ್ತದೆ, ಮನೆಯಲ್ಲಿ ಏನು ಮಾಡಬಹುದು, ಶಾಲೆಯಿಂದ ಹಾಗೂ ಸರ್ಕಾರದಿಂದ ಯಾವ ಸೌಲಭ್ಯಗಳನ್ನು ಕೇಳಿ ಪಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

"ಮಗು ತಪ್ಪಿಲ್ಲದೆ ಓದುತ್ತದೆ, ಆದರೆ ಏನು ಓದಿದೆ ಎಂದು ಕೇಳಿದರೆ ಸುಮ್ಮನಾಗುತ್ತದೆ" ಎಂಬುದು ಪೋಷಕರು ಸಾಮಾನ್ಯವಾಗಿ ಹೇಳುವ ಮಾತು. ಇದು ಸೋಮಾರಿತನವಲ್ಲ, ದಡ್ಡತನವೂ ಅಲ್ಲ. ಅಕ್ಷರವನ್ನು ಧ್ವನಿಯಾಗಿಸುವುದು ಒಂದು ಕೌಶಲ. ಆ ಧ್ವನಿಯನ್ನು ಅರ್ಥವಾಗಿಸುವುದು ಮತ್ತೊಂದು. ಎರಡನೆಯದಕ್ಕೆ ಆ ಪದವು ಮಗುವಿನ ಮನಸ್ಸಿನಲ್ಲಿ ಮೊದಲೇ ಇರಬೇಕಾಗುತ್ತದೆ. ಒಂದು ಮತ್ತು ಎರಡನೆಯ ತರಗತಿಯ ಪಾಠಗಳಲ್ಲಿ ಬರುವ ಪದಗಳು ಬಹುಪಾಲು ಮನೆಯ ಮಾತಿನವೇ ಆಗಿರುವುದರಿಂದ ಈ ಕೊರತೆ ಕಾಣುವುದಿಲ್ಲ. ಮೂರು, ನಾಲ್ಕನೆಯ ತರಗತಿಗೆ ಬಂದಾಗ ಪರಿಸರ ಅಧ್ಯಯನದಲ್ಲಿ 'ಅಂತರ್ಜಲ', 'ಆವಿಯಾಗುವಿಕೆ', 'ವಸತಿ'ಗಳೂ, ಗಣಿತದಲ್ಲಿ 'ವ್ಯತ್ಯಾಸ', 'ಸುತ್ತಳತೆ'ಗಳೂ ಒಟ್ಟಿಗೆ ಎದುರಾಗುತ್ತವೆ. ಅಲ್ಲಿಯವರೆಗೆ ಚುರುಕಾಗಿದ್ದ ಮಗು ಅಲ್ಲಿ ಹಿಂದೆ ಬೀಳುತ್ತದೆ. ಅನೇಕ ಕುಟುಂಬಗಳು ಶಾಲೆಯನ್ನು ಬದಲಿಸುವ ತೀರ್ಮಾನ ಕೈಗೊಳ್ಳುವುದೂ ಈ ಘಟ್ಟದಲ್ಲಿಯೇ. ಕೊರತೆ ಪದಗಳದ್ದಾಗಿದ್ದಲ್ಲಿ ಶಾಲೆ ಬದಲಿಸುವುದರಿಂದ ಅದು ನೀಗುವುದಿಲ್ಲವೆಂಬುದನ್ನು ಪೋಷಕರು ಗಮನಿಸತಕ್ಕದ್ದು.

ಪದವನ್ನು 'ತಿಳಿಯುವುದು' ಎಂದರೇನು?

ಪದವೊಂದನ್ನು ಮಗು ಒಮ್ಮೆಲೇ ಕಲಿಯುವುದಿಲ್ಲ. ಮೊದಲು ಎಲ್ಲೋ ಕೇಳಿದಂತಿರುತ್ತದೆ; ಅನಂತರ ಸಂದರ್ಭದಲ್ಲಿ ಅರ್ಥವಾಗುತ್ತದೆ; ಕೊನೆಗೆ ತಾನಾಗಿ ಬಳಸುತ್ತದೆ. ಬೇರೆ ಬೇರೆ ಸಂದರ್ಭಗಳಲ್ಲಿ ಹಲವು ಬಾರಿ ಎದುರಾದ ಪದವೇ ಉಳಿಯುತ್ತದೆ. ಹತ್ತು ಪದಗಳನ್ನು ಅರ್ಥಸಹಿತ ಹತ್ತು ಸಲ ಬರೆಸುವ ರೂಢಿ ನಮ್ಮಲ್ಲಿ ಬಹಳ ಹಳೆಯದು. ಅದರಿಂದ ಕೈಬರಹ ಸುಧಾರಿಸೀತು. ಆದರೆ ಆ ಪದವನ್ನು ಮಗು ಮರುದಿನ ಮಾತಿನಲ್ಲಿ ಬಳಸದಿದ್ದರೆ ಅದು ಪಟ್ಟಿಯಲ್ಲಿಯೇ ಉಳಿದಂತೆ.

ತೋಟದಿಂದ ಪಠ್ಯಪುಸ್ತಕಕ್ಕೆ

ಕಲ್ಪತರು ನಾಡೆಂದು ಹೆಸರಾದ ಈ ಮೂರು ತಾಲ್ಲೂಕುಗಳ ಮಕ್ಕಳು ಶಾಲೆಗೆ ಬರಿಗೈಯಲ್ಲಿ ಬರುವುದಿಲ್ಲ. ತೆಂಗೊಂದನ್ನೇ ಪರಿಗಣಿಸಿದರೂ ಹೊಂಬಾಳೆ, ಹೀಚು, ಎಳನೀರು, ಕಾಯಿ, ಕೊಬ್ಬರಿ, ಗರಿ, ಸೋಗೆ, ಕಡ್ಡಿ, ಮಟ್ಟೆ, ನಾರು, ಚಿಪ್ಪು, ಗೊನೆ ಎಂಬ ಪದಗಳು ಆರು ವರ್ಷದ ಮಗುವಿಗೆ ಬಾಯಿಪಾಠ ಮಾಡಿಸದೆಯೇ ಬಂದಿರುತ್ತವೆ. ನಗರದ ಮಗುವಿಗೆ ಇವೆಲ್ಲವೂ 'ತೆಂಗಿನಕಾಯಿ' ಮತ್ತು 'ತೆಂಗಿನಮರ' ಎಂಬ ಎರಡೇ ಪದಗಳಲ್ಲಿ ಮುಗಿಯಬಹುದು. ಹೀಗಿದ್ದೂ "ನಮ್ಮ ಮಗುವಿಗೆ ಪದಗಳೇ ಗೊತ್ತಿಲ್ಲ" ಎಂದು ಪೋಷಕರೇ ಹೇಳುವುದು ವಿಷಾದನೀಯ. ಮಗುವಿಗೆ ಗೊತ್ತಿರುವ ಪದಗಳನ್ನು ಶಾಲೆಯ ಪದಗಳೊಂದಿಗೆ ಜೋಡಿಸಿಕೊಡುವವರು ಬೇಕಾಗಿದ್ದಾರೆ, ಅಷ್ಟೆ.

ಉದಾಹರಣೆಗೆ ಉಂಡೆ ಕೊಬ್ಬರಿಯನ್ನು ತೆಗೆದುಕೊಳ್ಳಬಹುದು. ಬಲಿತ ಕಾಯಿಗಳನ್ನು ಸುಲಿಯದೆ ಅಟ್ಟದ ಮೇಲೆ ಎಂಟರಿಂದ ಹನ್ನೆರಡು ತಿಂಗಳು ಇಡಲಾಗುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕುಲುಕಿದಾಗ ಮೊದಲು ನೀರಿನ ಸದ್ದು, ಕೊನೆಗೆ ಒಣಗಿದ ಉಂಡೆಯ ಸದ್ದು ಕೇಳಿಸುತ್ತದೆ. ಈ ಭಾಗದ ಮಗು ಇದನ್ನು ಕೈಯಾರೆ ಕುಲುಕಿ ನೋಡಿರುತ್ತದೆ. ಆ ಸಮಯದಲ್ಲಿ ತಾತನೋ ಅಜ್ಜಿಯೋ ಕೆಳಕಂಡಂತೆ ಮಾತನಾಡಿದರೆ ಸಾಕು:

"ನೀರು ಎಲ್ಲಿಗೆ ಹೋಯ್ತು ಹೇಳು ಮಗ?"
"ಒಣಗೋಯ್ತು ತಾತ."
"ಹೂಂ, ಒಣಗೋಯ್ತು. ಒಂದೇ ದಿನಕ್ಕೆ ಹೋಯ್ತೋ, ನಿಧಾನವಾಗಿ ಹೋಯ್ತೋ? ಹೀಗೆ ನಿಧಾನವಾಗಿ ಹೋಗೋದಕ್ಕೆ ಕ್ರಮೇಣ ಅಂತಾರೆ. ಕಾಯಿನ ನೀರು ಕ್ರಮೇಣ ಆವಿಯಾಯ್ತು. ನೀನು ಒಗೆದು ಹಾಕಿದ್ಯಲ್ಲ ಅಂಗಿ, ಅದರ ನೀರೂ ಹಂಗೇ."

ಇಲ್ಲಿ 'ಕ್ರಮೇಣ', 'ಆವಿಯಾಗು' ಎಂಬ ಎರಡು ಪುಸ್ತಕದ ಪದಗಳು ಮಗುವಿಗೆ ಕಣ್ಣೆದುರಿನ ವಸ್ತುವಿನೊಂದಿಗೆ ದೊರೆತವು. ಮುಂದೆ ಜಲಚಕ್ರದ ಪಾಠದಲ್ಲಿ ಅದೇ ಪದ ಬಂದಾಗ ಮಗು ಅದನ್ನು ಗುರುತಿಸುತ್ತದೆ. ಗಮನಿಸಬೇಕಾದ ಅಂಶವೆಂದರೆ, ತಾತನವರು ಮಗುವಿನ 'ಒಣಗೋಯ್ತು' ಎಂಬ ಉತ್ತರವನ್ನು ತಿದ್ದಲಿಲ್ಲ. ಮೊದಲು ಅದನ್ನು ಒಪ್ಪಿ, ಅದರ ಪಕ್ಕದಲ್ಲಿ ಹೊಸ ಪದವನ್ನು ಇಟ್ಟರು.

ಇದೇ ಕ್ರಮವನ್ನು ಇತರ ಕೆಲಸಗಳಿಗೂ ಅನ್ವಯಿಸಬಹುದು. ಕೊಬ್ಬರಿಯನ್ನು ದಪ್ಪ, ಸಣ್ಣ, ಕೆಟ್ಟದ್ದು ಎಂದು ಬೇರೆ ಮಾಡುವಾಗ 'ವಿಂಗಡಿಸು', 'ಗುಣಮಟ್ಟ', 'ಹೋಲಿಕೆ'; ಮಾರುಕಟ್ಟೆಯಿಂದ ಬಂದ ಚೀಟಿಯನ್ನು ನೋಡುವಾಗ 'ತೂಕ', 'ದರ', 'ಒಟ್ಟು ಮೊತ್ತ', 'ಕಡಿತ'; ಮರಕ್ಕೆ ನುಸಿ ಅಥವಾ ಕಪ್ಪುತಲೆ ಹುಳು ಬಿದ್ದಾಗ 'ಕೀಟ', 'ಬಾಧೆ', 'ಲಕ್ಷಣ', 'ನಿಯಂತ್ರಣ'. ತೋಟಗಾರಿಕೆ ಇಲಾಖೆಯ ಕರಪತ್ರ ಮನೆಯಲ್ಲಿದ್ದರೆ ಅದನ್ನು ಮಗುವಿನ ಜೊತೆ ಓದಬಹುದು. ಅದರ ಭಾಷೆ ನಾಲ್ಕನೆಯ ತರಗತಿಯ ಪಠ್ಯಕ್ಕಿಂತ ಬಹಳ ದೂರವೇನಿಲ್ಲ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಕೊಬ್ಬರಿ ದರ ಎಷ್ಟಾಯಿತೆಂಬುದು ಈ ಸೀಮೆಯ ಮನೆಗಳಲ್ಲಿ ಹೇಗೂ ಚರ್ಚೆಯಾಗುವ ವಿಷಯ. ಆ ಮಾತುಕತೆಯಿಂದ ಮಕ್ಕಳನ್ನು "ನಿನಗ್ಯಾಕೆ, ಹೋಗಿ ಓದ್ಕೊ" ಎಂದು ಎಬ್ಬಿಸಿ ಕಳುಹಿಸದಿರುವುದು ಒಳಿತು. 'ಬೆಂಬಲ ಬೆಲೆ' ಎಂದರೇನೆಂದು ಮಗು ಕೇಳಿದಲ್ಲಿ ಎರಡು ನಿಮಿಷ ಹೇಳಿಕೊಡಬೇಕು. ಅದೂ ಓದೇ.

ಅಡುಗೆಮನೆಯಲ್ಲಿಯೂ ಇದು ಸಾಧ್ಯ. ಹೆಚ್ಚು, ಕೊಚ್ಚು, ತುರಿ, ಸೀಳು, ಜಜ್ಜು, ಅರೆ, ಕುಟ್ಟು, ಬೀಸು, ಕೇರು, ಸೋಸು ಎಂಬ ಕ್ರಿಯಾಪದಗಳಲ್ಲಿ ಒಂದೊಂದಕ್ಕೂ ಬೇರೆ ಕೆಲಸ, ಬೇರೆ ಸಾಧನ. ಮಗುವಿಗೆ ಎಲ್ಲಕ್ಕೂ 'ಮಾಡು' ಎಂಬ ಒಂದೇ ಪದ ಸಾಲದು. ಮಿಕ್ಸಿ ಬಂದ ಮೇಲೆ ಅರೆಯುವುದು, ಕುಟ್ಟುವುದು, ಬೀಸುವುದು ಮೂರೂ ಒಂದೇ ಗುಂಡಿಯಲ್ಲಿ ಮುಗಿಯುತ್ತಿರುವುದರಿಂದ ಈ ಪದಗಳನ್ನು ಹೇಳಿಯೇ ಉಳಿಸಿಕೊಡಬೇಕಾಗಿದೆ.

ಆಡುಮಾತು ಮತ್ತು ಬರಹದ ಭಾಷೆ

ಈ ಭಾಗದ ಗ್ರಾಮೀಣ ಆಡುಮಾತಿನಲ್ಲಿ ಪದದ ಆರಂಭದ ಹಕಾರವು ಅನೇಕ ವೇಳೆ ಬಿಟ್ಟುಹೋಗುತ್ತದೆ. ಹಾಲು 'ಆಲು' ಆಗುತ್ತದೆ, ಹಸು 'ಅಸು' ಆಗುತ್ತದೆ, ಹೊಲ 'ವಲ' ಆಗುತ್ತದೆ. ಮನೆಯ ಮಾತಿಗೆ ಇದರಿಂದ ಬಾಧಕವಿಲ್ಲ. ಬರವಣಿಗೆಯಲ್ಲಿ ಮಾತ್ರ ಅಕ್ಕಿ–ಹಕ್ಕಿ, ಆಡು–ಹಾಡು, ಉಳಿ–ಹುಳಿ, ಏಳು–ಹೇಳು, ಅರಳು–ಹರಳು ಇವು ಬೇರೆ ಬೇರೆ ಪದಗಳಾಗಿರುವುದರಿಂದ ಅರ್ಥವೇ ಬದಲಾಗುತ್ತದೆ. ತಿದ್ದಿಸಿಕೊಂಡು ಹೆದರಿದ ಮಗು ಬೇಡದ ಕಡೆಯೂ ಹಕಾರ ಸೇರಿಸಿ 'ಹಾನೆ' ಎಂದು ಬರೆಯುವುದುಂಟು.

ಇದಕ್ಕೆ ಪರಿಹಾರ ಗದರಿಸುವುದಲ್ಲ. ಮೇಲಿನ ಜೋಡಿಪದಗಳನ್ನು ಚಿತ್ರಗಳೊಂದಿಗೆ ಆಟವಾಗಿ ಆಡಿಸುವುದು ಉತ್ತಮ: "ಹಕ್ಕಿ ಅಕ್ಕಿ ತಿಂದಿತು" ಎಂಬಂತಹ ವಾಕ್ಯಗಳನ್ನು ಮಗುವೇ ಕಟ್ಟಲಿ. "ಮನೆಯಲ್ಲಿ ಹೀಗೆ ಹೇಳುತ್ತೇವೆ, ಪುಸ್ತಕದಲ್ಲಿ ಹೀಗೆ ಬರೆಯುತ್ತೇವೆ" ಎಂದು ಹೇಳಿದರೆ ಮಗುವಿಗೆ ಎರಡು ರೂಪಗಳು ದೊರೆಯುತ್ತವೆ. "ನಿನ್ನ ಮಾತು ತಪ್ಪು" ಎಂದರೆ ಇದ್ದ ಒಂದನ್ನೂ ಮಗು ಶಾಲೆಯಲ್ಲಿ ನುಡಿಯುವುದಿಲ್ಲ. ಬಾಯಿ ತೆರೆಯದ ಮಗುವಿಗೆ ಯಾವ ಪದ್ಧತಿಯಿಂದಲೂ ಪದ ಕಲಿಸಲು ಸಾಧ್ಯವಿಲ್ಲ. ಹೊರ ಜಿಲ್ಲೆಗಳಿಂದ ಬಂದಿರುವ ಶಿಕ್ಷಕರಿಗೆ ಇಲ್ಲಿನ ಕೆಲವು ಪದಗಳು ಹೊಸದಾಗಿರಬಹುದು. ಅಂತಹ ಸಂದರ್ಭದಲ್ಲಿ ಪೋಷಕರು ಸಂಕೋಚವಿಲ್ಲದೆ ಅವರಿಗೆ ತಿಳಿಸಬಹುದು.

ಕನ್ನಡ ಭಾಷಾಶಾಸ್ತ್ರ ಮತ್ತು ವ್ಯಾಕರಣದ ವಿದ್ವಾಂಸರಾಗಿದ್ದ, 'ಕನ್ನಡ ಮಧ್ಯಮ ವ್ಯಾಕರಣ'ವನ್ನು ರಚಿಸಿದ ತೀ.ನಂ. ಶ್ರೀಕಂಠಯ್ಯನವರು (1906–1966) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಹೆಸರಿನ ಮೊದಲ ಅಕ್ಷರವೇ ಊರಿನದು. ಈ ಸೀಮೆಯ ಮಾತು ಕಲಿಕೆಗೆ ಅಡ್ಡಿ ಎಂದು ಭಾವಿಸುವವರು ಇದನ್ನು ನೆನೆಯಬಹುದು.

ಮನೆಯಲ್ಲಿ ಉರ್ದು, ತೆಲುಗು ಅಥವಾ ಲಂಬಾಣಿ ಮಾತನಾಡುವ ಮಕ್ಕಳ ಪೋಷಕರು ಮನೆಭಾಷೆಯನ್ನು ಬಿಡುವ ಅಗತ್ಯವಿಲ್ಲ. ಮನೆಭಾಷೆಯಲ್ಲಿ ಗಟ್ಟಿಯಾಗಿ ತಿಳಿದ ವಿಷಯಕ್ಕೆ ಕನ್ನಡದ ಹೆಸರು ಕಲಿಯುವುದು ಸುಲಭ. ವಿಷಯವೇ ತಿಳಿಯದೆ ಹೆಸರು ಕಲಿಯುವುದು ಕಷ್ಟ. ಇಂಗ್ಲಿಷಿಗೂ ಇದೇ ಮಾತು ಅನ್ವಯಿಸುತ್ತದೆ. 2019–20ನೇ ಸಾಲಿನಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಆಂಗ್ಲ ಮಾಧ್ಯಮ ವಿಭಾಗಗಳನ್ನು ಪ್ರಾರಂಭಿಸಲಾಯಿತು. ಅಂತಹ ವಿಭಾಗಗಳಿಗೆ ಮಗುವನ್ನು ಸೇರಿಸಿದ ಪೋಷಕರು ಮನೆಯಲ್ಲಿ ಅರೆಬರೆ ಇಂಗ್ಲಿಷಿನಲ್ಲಿ ಮಾತನಾಡುವುದಕ್ಕಿಂತ ತುಂಬುಗನ್ನಡದಲ್ಲಿ ಮಾತನಾಡುವುದು ಮಗುವಿಗೆ ಹೆಚ್ಚು ಪ್ರಯೋಜನಕಾರಿ.

ಪದದಿಂದ ಪದ

ಕನ್ನಡದಲ್ಲಿ ಒಂದು ಪದ ಗೊತ್ತಾದರೆ ಅದರ ಬಳಗವೂ ಗೊತ್ತಾಗುವ ಅನುಕೂಲವಿದೆ. ತೋಟ – ತೋಟಗಾರ – ತೋಟಗಾರಿಕೆ. ಬೆಳೆ – ಬೆಳೆಗಾರ. ಮಾರು – ಮಾರಾಟ – ಮಾರಾಟಗಾರ. ಕಲಿ – ಕಲಿಸು – ಕಲಿಕೆ. ನಡೆ – ನಡಿಗೆ – ನಡತೆ – ನಡವಳಿಕೆ. ನೋಡು ಎಂಬುದರಿಂದ ನೋಟ, ಓಡು ಎಂಬುದರಿಂದ ಓಟ, ಆಡು ಎಂಬುದರಿಂದ ಆಟ ಬಂದಿರುವುದನ್ನು ತೋರಿಸಿದರೆ ಮಗು ತಾನಾಗಿ 'ಕೂಡು – ಕೂಟ' ಎಂದು ಹೇಳುತ್ತದೆ. 'ಮಾಡು – ಮಾಟ' ಎಂದೂ ಹೇಳೀತು. ನಗುವ ಕಾರಣವಿಲ್ಲ, ಆ ಪದವೂ ಇದೆ, ಅರ್ಥ ಮಾತ್ರ ಬೇರೆ.

ಕೂಡಿದ ಪದಗಳನ್ನು ಬಿಡಿಸುವುದೂ ಹೀಗೆಯೇ. ಎಳನೀರು ಎಂಬುದರಲ್ಲಿರುವ 'ಎಳ' ಎಳಗರು, ಎಳಬಿಸಿಲುಗಳಲ್ಲಿಯೂ ಇದೆ. ಕಲ್ಪತರು ಎಂಬುದರ 'ತರು' ಎಂದರೆ ಮರ. ಕಲ್ಪವೃಕ್ಷದ 'ವೃಕ್ಷ'ವೂ ಮರವೇ. ಬ್ಯಾಂಕು, ಕಾಲೇಜು, ಅಂಗಡಿಗಳ ಫಲಕಗಳಲ್ಲಿ 'ಕಲ್ಪತರು' ಎಂದು ದಿನವೂ ಓದುವ ತಿಪಟೂರಿನ ಮಕ್ಕಳಿಗೆ ಅದರ ಅರ್ಥವನ್ನು ಯಾರಾದರೂ ಹೇಳಿದ್ದಾರೆಯೇ ಎಂದು ಒಮ್ಮೆ ಕೇಳಿ ನೋಡಬಹುದು. ಒಗಟು, ಗಾದೆ, ಪದಬಂಧ, ಅಂತ್ಯಾಕ್ಷರಿ ಇವೆಲ್ಲವೂ ಉಪಯುಕ್ತವೇ.

ಪ್ರಶ್ನೆಪತ್ರಿಕೆಯ ಪದಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕಾಗಿದೆ. 'ಹೋಲಿಸಿರಿ', 'ವರ್ಗೀಕರಿಸಿರಿ', 'ಕಾರಣ ಕೊಡಿರಿ', 'ಹೊಂದಿಸಿ ಬರೆಯಿರಿ', 'ಸ್ವಂತ ವಾಕ್ಯದಲ್ಲಿ ಬಳಸಿರಿ' ಎಂಬ ಸೂಚನೆಗಳೇ ಅರ್ಥವಾಗದೆ, ಉತ್ತರ ಗೊತ್ತಿದ್ದ ಮಕ್ಕಳೂ ಬಿಟ್ಟು ಬರುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಯಲ್ಲಿ ಸೂಚನೆಗಳನ್ನು ಮಾತ್ರ ಓದಿಸಿ, "ಇಲ್ಲಿ ಏನು ಮಾಡು ಅಂತ ಹೇಳಿದಾರೆ?" ಎಂದು ಕೇಳುವುದು ಅರ್ಧ ಗಂಟೆಯ ಕೆಲಸ.

ಓದಿ ಹೇಳುವುದು

ಮಾತಿನಲ್ಲಿ ಬಾರದ ಪದಗಳು ಪುಸ್ತಕಗಳಲ್ಲಿ ಬರುತ್ತವೆ. ಆದ್ದರಿಂದ ಮಗು ಸ್ವತಃ ಓದಲು ಕಲಿತ ಮೇಲೂ ದಿನಕ್ಕೆ ಹತ್ತು ಹದಿನೈದು ನಿಮಿಷ ಗಟ್ಟಿಯಾಗಿ ಓದಿ ಹೇಳುವುದು ಅಪೇಕ್ಷಣೀಯ. ಒಂದೇ ಕಥೆಯನ್ನು ಮಗು ಮತ್ತೆ ಮತ್ತೆ ಕೇಳಿದರೆ ಬೇಸರಿಸಬಾರದು. ಓದುತ್ತಾ ಎರಡೋ ಮೂರೋ ಪದಗಳ ಬಳಿ ನಿಂತರೆ ಸಾಕು. ಪ್ರತಿ ಸಾಲಿಗೂ ನಿಂತರೆ ಕಥೆ ಕೆಡುತ್ತದೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ', ಪಂಜೆ ಮಂಗೇಶರಾಯರ ಮತ್ತು ಜಿ.ಪಿ. ರಾಜರತ್ನಂ ಅವರ ಮಕ್ಕಳ ಪದ್ಯಗಳು ಇಂದಿಗೂ ಗಟ್ಟಿಯಾಗಿ ಓದಲು ಹೇಳಿ ಮಾಡಿಸಿದಂತಿವೆ. ಸ್ಟೋರಿವೀವರ್ ಜಾಲತಾಣದಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕನ್ನಡ ಚಿತ್ರಕಥೆಗಳು ಉಚಿತವಾಗಿ ದೊರೆಯುತ್ತವೆ.

ಓದು ಬಾರದ ಪೋಷಕರು ಚಿತ್ರಗಳನ್ನು ತೋರಿಸಿ ಮಗುವಿನಿಂದಲೇ ಕಥೆ ಹೇಳಿಸಬಹುದು, ಅಥವಾ ತಾವು ಕೇಳಿದ ಕಥೆಯನ್ನು ಹೇಳಬಹುದು. ಅಜ್ಜಿ ಹೇಳುವ ಕಥೆಯಲ್ಲಿಯೂ ದಿನದ ಮಾತಿನಲ್ಲಿ ಇಲ್ಲದ ಪದಗಳು ಬೇಕಾದಷ್ಟಿರುತ್ತವೆ. ದೂರದರ್ಶನ ಮತ್ತು ಮೊಬೈಲ್ ಪದಗಳನ್ನು ಕೇಳಿಸುತ್ತವೆಯಾದರೂ ಮಗುವಿನ ಉತ್ತರಕ್ಕಾಗಿ ಕಾಯುವುದಿಲ್ಲ.

ಶಾಲೆಯಲ್ಲಿನ ಕ್ರಮ

ನಲಿ-ಕಲಿ ಪದ್ಧತಿಯು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಗಿ, 2009–10ರಲ್ಲಿ ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಣೆಗೊಂಡಿತು. ಇದರಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂಬ ಅಕ್ಷರಗಳಿಂದ ಆರಂಭಿಸಲಾಗುತ್ತದೆ. "ಎರಡು ತಿಂಗಳಾದರೂ ಅ ಆ ಇ ಈ ಬರುವುದಿಲ್ಲ" ಎಂದು ಪೋಷಕರು ಆತಂಕಪಡುವುದು ಈ ಕಾರಣದಿಂದ. ಈ ಐದು ಅಕ್ಷರಗಳಿಂದಲೇ ಸರ, ಅರಸ, ದಸರ, ಗರಗಸ ಎಂಬ ಪದಗಳನ್ನು ಕಟ್ಟಬಹುದಾದ್ದರಿಂದ ಮಗು ಮೊದಲ ವಾರಗಳಲ್ಲಿಯೇ ಅರ್ಥವುಳ್ಳ ಪದಗಳನ್ನು ಓದಲಿ ಎಂಬುದು ಇದರ ಉದ್ದೇಶ. ಮನೆಯಲ್ಲಿ ಅದೇ ಅಕ್ಷರಗಳಿಂದ ಪದ ಕಟ್ಟುವ ಆಟ ಆಡಿಸಿದಲ್ಲಿ ಶಾಲೆಯ ಕ್ರಮಕ್ಕೆ ಪೂರಕವಾಗುತ್ತದೆ.

ಮೂರನೆಯ ತರಗತಿಯ ಅಂತ್ಯದೊಳಗೆ ಪ್ರತಿ ಮಗುವೂ ಅರ್ಥಸಹಿತ ಓದುವಂತಾಗಬೇಕೆಂಬ ಗುರಿಯೊಂದಿಗೆ ಕೇಂದ್ರ ಸರ್ಕಾರವು 2021ರ ಜುಲೈ 5ರಂದು ನಿಪುಣ್ ಭಾರತ್ ಕಾರ್ಯಕ್ರಮವನ್ನು ಪ್ರಾರಂಭಿಸಿತು.

ಪೋಷಕರ ಹಕ್ಕುಗಳು ಮತ್ತು ಸೌಲಭ್ಯಗಳು

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 (2010ರ ಏಪ್ರಿಲ್ 1ರಿಂದ ಜಾರಿ) ಇದರ ಪ್ರಕಾರ:

ಪ್ರವೇಶದ ಸಮಯದಲ್ಲಿ ಮಗುವನ್ನಾಗಲೀ ಪೋಷಕರನ್ನಾಗಲೀ ಪರೀಕ್ಷೆ ಅಥವಾ ಸಂದರ್ಶನಕ್ಕೆ ಒಳಪಡಿಸುವಂತಿಲ್ಲ (ಪ್ರಕರಣ 13). ಉಲ್ಲಂಘಿಸಿದಲ್ಲಿ ಮೊದಲ ಬಾರಿ ರೂ. 25,000 ವರೆಗೆ, ಅನಂತರದ ಪ್ರತಿ ಬಾರಿ ರೂ. 50,000 ವರೆಗೆ ದಂಡ ವಿಧಿಸಬಹುದಾಗಿದೆ.

ಪ್ರತಿ ಮಗುವಿನ ಕಲಿಕಾ ಸಾಮರ್ಥ್ಯವನ್ನು ಗುರುತಿಸಿ ಅಗತ್ಯವಿದ್ದಲ್ಲಿ ಹೆಚ್ಚುವರಿ ಬೋಧನೆ ನೀಡುವುದು, ಪೋಷಕರ ಸಭೆಗಳನ್ನು ನಿಯತವಾಗಿ ನಡೆಸಿ ಮಗುವಿನ ಹಾಜರಾತಿ ಹಾಗೂ ಪ್ರಗತಿಯನ್ನು ತಿಳಿಸುವುದು ಶಿಕ್ಷಕರ ಕರ್ತವ್ಯ (ಪ್ರಕರಣ 24). ಸಭೆಯಲ್ಲಿ "ಅಂಕ ಎಷ್ಟು?" ಎಂದು ಕೇಳುವುದರ ಜೊತೆಗೆ "ಓದಿದ್ದು ಅರ್ಥವಾಗುತ್ತಿದೆಯೇ?" ಎಂದೂ ಕೇಳಬೇಕು.

ಪ್ರತಿ ಶಾಲೆಯಲ್ಲಿ ವೃತ್ತಪತ್ರಿಕೆ, ನಿಯತಕಾಲಿಕೆ ಮತ್ತು ಕಥೆಪುಸ್ತಕಗಳನ್ನೊಳಗೊಂಡ ಗ್ರಂಥಾಲಯ ಇರತಕ್ಕದ್ದು (ಅನುಸೂಚಿ). ಪುಸ್ತಕಗಳು ಬೀರುವಿನಲ್ಲಿ ಬೀಗದೊಳಗಿದ್ದರೆ ಈ ನಿಯಮದ ಉದ್ದೇಶ ಈಡೇರುವುದಿಲ್ಲ. ಹರಿದೀತೆಂಬ ಭಯದಿಂದ ಪುಸ್ತಕ ಕೊಡದಿರುವ ಶಾಲೆಗಳಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯವನ್ನು ಪ್ರಸ್ತಾಪಿಸಬಹುದು.

ಗ್ರಾಮ ಪಂಚಾಯಿತಿ ಗ್ರಂಥಾಲಯ (ಅರಿವು ಕೇಂದ್ರ): ಗ್ರಾಮೀಣ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. 2020ರಲ್ಲಿ ಪ್ರಾರಂಭವಾದ 'ಓದುವ ಬೆಳಕು' ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವದ ಅವಕಾಶ ಕಲ್ಪಿಸಲಾಯಿತು. ಪೋಷಕರು ಮಗುವಿನೊಂದಿಗೆ ತಮ್ಮ ಪಂಚಾಯಿತಿಯ ಗ್ರಂಥಾಲಯ ಮೇಲ್ವಿಚಾರಕರನ್ನು ಸಂಪರ್ಕಿಸತಕ್ಕದ್ದು. ಮಗುವನ್ನು ಜೊತೆಯಲ್ಲಿಯೇ ಕರೆದೊಯ್ದು ಪುಸ್ತಕವನ್ನು ಮಗುವೇ ಆರಿಸಿಕೊಳ್ಳಲು ಬಿಡುವುದು ಸೂಕ್ತ.

ಶ್ರವಣ ಮತ್ತು ಮಾತಿನ ತಪಾಸಣೆ: ಕಿವಿ ಸೋರುವುದು, ಕರೆದರೆ ತಿರುಗದಿರುವುದು, ಪದೇ ಪದೇ "ಆಂ?" ಎನ್ನುವುದು, ಶಾಲೆಗೆ ಸೇರುವ ವಯಸ್ಸಿನಲ್ಲಿಯೂ ಎರಡು ಮೂರು ಪದಗಳ ವಾಕ್ಯದಲ್ಲಿಯೇ ಮಾತನಾಡುವುದು ಕಂಡುಬಂದಲ್ಲಿ "ದೊಡ್ಡವನಾದ ಮೇಲೆ ಸರಿಹೋಗುತ್ತದೆ" ಎಂದು ಕಾಯಬಾರದು. ಸರಿಯಾಗಿ ಕೇಳಿಸದ ಮಗುವಿಗೆ ಪದಗಳು ತಲುಪುವುದೇ ಇಲ್ಲ. 2013ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ ಹಾಗೂ ಸರ್ಕಾರಿ, ಅನುದಾನಿತ ಶಾಲೆಗಳಿಗೆ ಆರೋಗ್ಯ ತಂಡಗಳು ಭೇಟಿ ನೀಡಿ ತಪಾಸಣೆ ನಡೆಸುತ್ತವೆ. ತಂಡ ಬಂದ ದಿನ ಮಗು ಗೈರುಹಾಜರಾಗಿದ್ದಲ್ಲಿ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯಲ್ಲಿ ವಿಚಾರಿಸುವುದು. ಹೆಚ್ಚಿನ ಪರೀಕ್ಷೆ ಅಗತ್ಯವಾದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಸೌಲಭ್ಯವಿದೆ. ಶ್ರವಣದೋಷ, ವಾಕ್ ಮತ್ತು ಭಾಷಾ ನ್ಯೂನತೆ, ನಿರ್ದಿಷ್ಟ ಕಲಿಕಾ ನ್ಯೂನತೆಗಳು ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ ವ್ಯಾಪ್ತಿಗೆ ಒಳಪಡುತ್ತವೆ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರ: ಮಗುವಿಗೆ ನಿಘಂಟು ಕೊಡಿಸಬೇಕೆ?
ಉ: ನಾಲ್ಕನೆಯ ತರಗತಿಯ ನಂತರ ಕೊಡಿಸಬಹುದು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ವಿದ್ವಾಂಸರಿಗೆ. ಮನೆಗೆ ಅದರ 'ಸಂಕ್ಷಿಪ್ತ ಕನ್ನಡ ನಿಘಂಟು' ಸಾಕು. ಅದಕ್ಕೆ ಮುನ್ನ ಅರ್ಥವನ್ನು ಬಾಯಲ್ಲಿ, ಉದಾಹರಣೆಯೊಂದಿಗೆ ಹೇಳುವುದೇ ಲೇಸು.

ಪ್ರ: ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ಕಾಯಿ ಸುಲಿಯುವ ಕೂಲಿ ಕೆಲಸಕ್ಕೆ ಹೋಗುತ್ತೇವೆ. ಮಗುವಿಗೆ ಸಮಯ ಕೊಡುವುದು ಹೇಗೆ?
ಉ: ಪ್ರತ್ಯೇಕ ಸಮಯ ಬೇಕಾಗುವುದಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ "ಇವತ್ತು ಏನಾಯ್ತು?" ಎಂದು ಕೇಳಿ, ಮಗು ಹೇಳುವುದನ್ನು ನಡುವೆ ತಡೆಯದೆ ಕೇಳಿಸಿಕೊಂಡು, ತಮ್ಮ ದಿನದ ಕೆಲಸವನ್ನೂ ಮಗುವಿಗೆ ಹೇಳಬಹುದು.

ಪ್ರ: ಹೆಚ್ಚುವರಿ ಬೋಧನೆ ಕೋರಿದರೂ ಶಾಲೆಯಲ್ಲಿ ಕ್ರಮ ಕೈಗೊಳ್ಳದಿದ್ದಲ್ಲಿ?
ಉ: ಮೊದಲು ಮುಖ್ಯ ಶಿಕ್ಷಕರಿಗೆ ಲಿಖಿತ ಮನವಿ ಸಲ್ಲಿಸಿ ಸ್ವೀಕೃತಿ ಪಡೆಯತಕ್ಕದ್ದು. ಅನಂತರ ಎಸ್‌ಡಿಎಂಸಿ ಹಾಗೂ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಯನ್ನು ಸಂಪರ್ಕಿಸಬಹುದು. ಅಧಿನಿಯಮದ ಪ್ರಕರಣ 32ರ ಅನ್ವಯ ಸ್ಥಳೀಯ ಪ್ರಾಧಿಕಾರಕ್ಕೆ ಸಲ್ಲಿಸಿದ ಲಿಖಿತ ದೂರನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕಾಗುತ್ತದೆ. ಮನವಿಯಲ್ಲಿ ಮಗುವಿನ ಹೆಸರು, ತರಗತಿ ಮತ್ತು ಯಾವ ವಿಷಯದಲ್ಲಿ ತೊಂದರೆ ಇದೆ ಎಂಬುದನ್ನು ನಮೂದಿಸಿ, ಒಂದು ಪ್ರತಿಯನ್ನು ತಮ್ಮಲ್ಲಿ ಇಟ್ಟುಕೊಳ್ಳುವುದು.